ದಾವಣಗೆರೆಯ 16 ಸಾವಿರವೋ, ಬೆಂಗಳೂರಿನ 26 ಸಾವಿರವೋ? ನರ್ಸ್‌ಗಳಿಗೊಂದು ಲೆಕ್ಕ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆಗಲಿ, ಬಿಎಸ್‌ಸಿ ನರ್ಸಿಂಗ್ ಆಗಲಿ, ಕೋರ್ಸ್ ಮುಗಿದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೈಗೆ ಬಂದರೆ ಸಾಕು, ನಮ್ಮ ಕಡೆಯ ಹುಡುಗಿಯರು ಕೇಳುವುದು ಇದನ್ನೇ. ‘ಸಿಸ್ಟರ್, ಇಲ್ಲೇ ಸೇರಿಕೊಳ್ಳಲಾ, ಬೆಂಗಳೂರಿಗೆ ಹೋಗಲಾ?’ ಹರಿಹರದವರೂ ಕೇಳುತ್ತಾರೆ, ಜಗಳೂರಿನವರೂ ಕೇಳುತ್ತಾರೆ, ಹೊಳಲ್ಕೆರೆ, ಚಳ್ಳಕೆರೆಯಿಂದ ಬಂದು ಇಲ್ಲಿ ಓದಿದವರೂ ಕೇಳುತ್ತಾರೆ. ಬ್ರದರ್‌ಗಳು, ಅಂದರೆ ಗಂಡು ನರ್ಸ್‌ಗಳು, ಕೇಳುವುದು ಸ್ವಲ್ಪ ಬೇರೆ: ‘ಬೆಂಗಳೂರು ಬಿಟ್ಟು ನೇರ ಗಲ್ಫ್‌ಗೇ ಹೋದರೆ ಹೇಗೆ?’

ಬೆಂಗಳೂರಿನಲ್ಲೂ ಡ್ಯೂಟಿ ಮಾಡಿ, ಈಗ ದಾವಣಗೆರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿರುವ ನನ್ನ ಉತ್ತರ ಇದು. ಸಂಬಳ ಎಷ್ಟು ಅಂತ ಆಮೇಲೆ ನೋಡಿ. ನೀವು ಮಲಗುವ ಜಾಗದ ಬಾಡಿಗೆ ಯಾರು ಕೊಡುತ್ತಾರೆ ಅಂತ ಮೊದಲು ನೋಡಿ. ಅಪ್ಪನ ಮನೆಯಾ, ಆಸ್ಪತ್ರೆಯ ಹಾಸ್ಟೆಲಾ, ಪಿಜಿಯಾ, ಬಾಡಿಗೆ ಮನೆಯಾ? ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಎಲ್ಲಾ ಆಮೇಲಿನ ಮಾತು.

ಕೆಳಗೆ ಖಾಸಗಿ ಆಸ್ಪತ್ರೆಯ ಸಂಬಳ, ಬಾಡಿಗೆ, ಊಟದ ಖರ್ಚು ಅಂತ ಹಾಕಿರುವುದು ಉದಾಹರಣೆಗೆ. ನಿಮ್ಮ ಆಫರ್ ಲೆಟರ್‌ನಲ್ಲಿರುವ ಅಂಕಿ ತೆಗೆದುಕೊಂಡು ಅದೇ ಜಾಗದಲ್ಲಿ ತುಂಬಿಕೊಳ್ಳಿ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ), ಭತ್ಯೆಗಳ ದರ ಮಾತ್ರ ನಿಯಮದಲ್ಲಿ ಇರುವಂಥವು.

ಊರು ಬದಲಾದರೆ ಎಷ್ಟು ಜಾಸ್ತಿ ಬೇಕು? ಸರ್ಕಾರದ ಲೆಕ್ಕ

ದೊಡ್ಡ ಊರಿನಲ್ಲಿ ಬದುಕಲು ಎಷ್ಟು ಹೆಚ್ಚು ಖರ್ಚಾಗುತ್ತದೆ ಅನ್ನುವುದಕ್ಕೆ ಕೇಂದ್ರ ಸರ್ಕಾರವೇ ಒಂದು ಅಳತೆ ಇಟ್ಟಿದೆ. ಖಾಸಗಿಯಲ್ಲಿ ಇರುವವರೂ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಏಳನೇ ಕೇಂದ್ರ ವೇತನ ಆಯೋಗದ ಪ್ರಕಾರ ಕೇಂದ್ರ ಸರ್ಕಾರದ ನರ್ಸಿಂಗ್ ಆಫೀಸರ್ ವೇತನದ ಲೆವೆಲ್ 7ಕ್ಕೆ ಸೇರುತ್ತಾರೆ. ಮೊದಲ ಬೇಸಿಕ್ (ಮೂಲ ವೇತನ) 44,900 ರೂಪಾಯಿ. 2025ರ ಜುಲೈನಿಂದ ತುಟ್ಟಿಭತ್ಯೆ ಶೇ 58 ಆಯಿತು, ಅಂದರೆ 26,042. ನರ್ಸಿಂಗ್ ಅಲೋಯನ್ಸ್ ಮೊದಲು 7,200 ಇತ್ತು, ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ 9,000 ಆಗಿದೆ. ಈ ಮೂರೂ ಯಾವ ಊರಿನಲ್ಲಿದ್ದರೂ ಒಂದೇ.

ವ್ಯತ್ಯಾಸ ಬರುವುದು ಎರಡೇ ಕಡೆ. ಒಂದು ಮನೆ ಬಾಡಿಗೆ ಭತ್ಯೆ. ಬೆಂಗಳೂರು ಎಕ್ಸ್ ದರ್ಜೆಯ ನಗರ, ಅಲ್ಲಿ ಬೇಸಿಕ್‌ನ ಶೇ 30. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ ದರ್ಜೆ, ಅಲ್ಲಿ ಶೇ 20. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜೆಡ್, ಶೇ 10. ಅಂದರೆ ಬೆಂಗಳೂರಿನಲ್ಲಿ 13,470, ಇಲ್ಲಿ 4,490. ಎರಡನೆಯದು ಸಾರಿಗೆ ಭತ್ಯೆ. ಬೆಂಗಳೂರಿನಲ್ಲಿ 3,600, ನಮ್ಮಂಥ ಊರಿನಲ್ಲಿ 1,800, ಅದರ ಮೇಲೆ ತುಟ್ಟಿಭತ್ಯೆ.

ಕೂಡಿಸಿದರೆ ಬೆಂಗಳೂರಿನಲ್ಲಿ ಸುಮಾರು 99 ಸಾವಿರ, ದಾವಣಗೆರೆಯಂಥ ಊರಿನಲ್ಲಿ ಸುಮಾರು 87 ಸಾವಿರ. ನಡುವೆ 12 ಸಾವಿರಕ್ಕೂ ಸ್ವಲ್ಪ ಕಡಿಮೆ. ಹತ್ತಿರ ಹತ್ತಿರ ಲಕ್ಷ ಸಂಬಳದವರಿಗೇ ಊರು ಬದಲಾಗಿದ್ದಕ್ಕೆ ಸರ್ಕಾರ 12 ಸಾವಿರ ಕೊಡುತ್ತದೆ. ಆ 12 ಸಾವಿರದಲ್ಲಿ ಬನ್ನೇರುಘಟ್ಟ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಮನೆಗೂ ದಾವಣಗೆರೆಯ ವಿದ್ಯಾನಗರದಲ್ಲಿ ಅಂಥದ್ದೇ ಮನೆಗೂ ಇರುವ ಬಾಡಿಗೆ ವ್ಯತ್ಯಾಸ ಮುಚ್ಚುತ್ತದಾ? ಮುಚ್ಚುವುದಿಲ್ಲ. ಖಾಸಗಿಯವರು ಬೆಂಗಳೂರಿಗೆ ಬಾ ಅಂತ 6 ಸಾವಿರ ಜಾಸ್ತಿ ತೋರಿಸಿದಾಗ ಈ ಅಂಕಿ ನೆನಪಿಟ್ಟುಕೊಳ್ಳಿ.

ಖಾಸಗಿಯಲ್ಲಿ ಸಂಬಳ ಎಷ್ಟಿರಬೇಕು ಅಂತಲೂ ಒಂದು ಶಿಫಾರಸು ಇದೆ. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೇಂದ್ರ ಒಂದು ಸಮಿತಿ ಮಾಡಿತು. 200 ಹಾಸಿಗೆಗಿಂತ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಇರಬೇಕು, 100 ಹಾಸಿಗೆ ಮೀರಿದ್ದರೆ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿತ ಆಗಬಾರದು, 50ರಿಂದ 100 ಇದ್ದರೆ ಶೇ 25ಕ್ಕೂ ಹೆಚ್ಚು ಕಡಿತ ಆಗಬಾರದು, 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20 ಸಾವಿರಕ್ಕೆ ಇಳಿಯಬಾರದು ಅಂತ ಸಮಿತಿ ಹೇಳಿತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿ 2018ರಲ್ಲಿ 20 ಸಾವಿರದ ಕನಿಷ್ಠ ವೇತನ ಆದೇಶ ಮಾಡಿಸಿಕೊಂಡರು. ಶಿಫಾರಸು ಬಂದಿದ್ದು ಹತ್ತು ವರ್ಷದ ಹಿಂದೆ, ಮತ್ತು ಅದು 20 ಸಾವಿರ ಅಂದಿದ್ದು ಅತಿ ಚಿಕ್ಕ ಆಸ್ಪತ್ರೆಗೆ. ಇಂಟರ್‌ವ್ಯೂನಲ್ಲಿ 14 ಸಾವಿರ, 16 ಸಾವಿರ ಅಂದಾಗ ಇದು ತಲೆಯಲ್ಲಿದ್ದರೆ ಮಾತಾಡುವ ಧಾಟಿಯೇ ಬೇರೆ ಆಗುತ್ತದೆ.

ಸಂಬಳದ ಚೀಟಿ ಓದುವುದು

ನಮ್ಮ ವಾರ್ಡಿನಲ್ಲಿ ಮೊದಲ ವರ್ಷ ಕಳೆದು ಬೆಂಗಳೂರಿಗೆ ಹೋದ ಒಬ್ಬ ಹುಡುಗಿ, ಮೊದಲ ಸಂಬಳ ಬಂದ ದಿನ ವಾಟ್ಸಾಪಿನಲ್ಲಿ ಪೇ ಸ್ಲಿಪ್ ಫೋಟೋ ಕಳಿಸಿದ್ದಳು. ಕೆಳಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಆಫರ್ ಲೆಟರ್‌ನಲ್ಲಿ ಅವಳಿಗೆ ತೋರಿಸಿದ್ದು 30 ಸಾವಿರ. ಸ್ಲಿಪ್ಪಿನ ಮೇಲಿನ ಸಾಲಿನಲ್ಲಿ ಇದ್ದದ್ದು 26 ಸಾವಿರ. ಬ್ಯಾಂಕಿಗೆ ಬಂದಿದ್ದು 17 ಸಾವಿರದ ಚಿಲ್ಲರೆ.

ಯಾರೂ ಮೋಸ ಮಾಡಿರಲಿಲ್ಲ. 30 ಸಾವಿರ ಅನ್ನುವುದು ಸಿಟಿಸಿ, ಅಂದರೆ ಅವಳ ಮೇಲೆ ಆಸ್ಪತ್ರೆಗೆ ಆಗುವ ಒಟ್ಟು ಖರ್ಚು. ಆಸ್ಪತ್ರೆ ತನ್ನ ಪಾಲಿನ ಪಿಎಫ್ 1,800, ಬೇಸಿಕ್‌ನ ಶೇ 4.81ರಷ್ಟು ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು), ಗುಂಪು ವಿಮೆಯ ಕಂತು, ವರ್ಷಕ್ಕೊಮ್ಮೆ ಕೊಡುವ ಬೋನಸ್ಸು ಎಲ್ಲವನ್ನೂ ಸೇರಿಸಿ ಬರೆದಿತ್ತು. ಅದರಲ್ಲಿ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಅಲ್ಲೇ ಇರಬೇಕು. ಎರಡು ವರ್ಷಕ್ಕೆ ಬಿಡುವ ಹುಡುಗಿಗೆ ಅದು ಲೆಕ್ಕದಲ್ಲಿ ಮಾತ್ರ ಇರುವ ದುಡ್ಡು. ಇನ್ನು 26 ಸಾವಿರದಿಂದ ಅವಳ ಪಾಲಿನ ಪಿಎಫ್ 1,800 ಹೋಯಿತು. ವೃತ್ತಿ ತೆರಿಗೆ 200 ಹೋಯಿತು. ನಮ್ಮ ರಾಜ್ಯದಲ್ಲಿ ತಿಂಗಳಿಗೆ 25 ಸಾವಿರ ಮುಟ್ಟಿದರೆ ಅದು ಶುರು. ಉಳಿದ 24 ಸಾವಿರದಲ್ಲಿ ಹಾಸ್ಟೆಲ್ ಮತ್ತು ಮೆಸ್ ಸೇರಿ 6 ಸಾವಿರ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಯೂನಿಫಾರ್ಮ್, ಶೂ’ ಅಂತ ಇನ್ನೂ ಕೆಲವು ನೂರು.

‘ಅಯ್ಯೋ, 17ಕ್ಕೆ ಇಲ್ಲಿಗೆ ಬಂದೆನಾ’ ಅಂತ ಅಳುದನಿ. ಅಳಬೇಕಾದ ಪರಿಸ್ಥಿತಿಯೇ ಅಲ್ಲ ಅದು. ತಲೆಯ ಮೇಲೆ ಸೂರು, ಮೂರು ಹೊತ್ತಿನ ಊಟ ಆದ ಮೇಲೆ 17 ಸಾವಿರ ಉಳಿದಿದೆ. ಅದೇ ಬ್ಯಾಚಿನಲ್ಲಿ ಪಿಜಿಯಲ್ಲಿ ಇದ್ದವರ ಕಥೆ ಬೇರೆ.

ಒಂಟಿ ಹುಡುಗಿ: ನಾಲ್ಕು ಥರದ ಸೂರು

ದಾವಣಗೆರೆಯಲ್ಲಿ 16 ಸಾವಿರ ಸಂಬಳ, ಬೇಸಿಕ್ 12 ಸಾವಿರ ಅಂತ ಇಟ್ಟುಕೊಳ್ಳಿ. ಪಿಎಫ್ ಶೇ 12 ಅಂದರೆ 1,440. ಇಎಸ್‌ಐ ಶೇ 0.75 ಅಂದರೆ 120. ಕೈಗೆ 14,440. ನಿಟ್ಟುವಳ್ಳಿಯಲ್ಲೋ ಕೆಟಿಜೆ ನಗರದಲ್ಲೋ ಅಪ್ಪ-ಅಮ್ಮನ ಮನೆ ಇದ್ದರೆ ಮನೆಗೆ 4 ಸಾವಿರ ಕೊಟ್ಟು, ತನ್ನ ಖರ್ಚಿಗೆ 3 ಸಾವಿರ ಇಟ್ಟುಕೊಂಡರೆ 7,400 ಉಳಿಯುತ್ತದೆ. ಅದೇ ಹುಡುಗಿ ಹೊನ್ನಾಳಿ ಕಡೆಯ ಹಳ್ಳಿಯವಳಾಗಿ ಇಲ್ಲಿ ರೂಮ್ ಮಾಡಿದರೆ? ಬಾಡಿಗೆ 4,500, ಅಡುಗೆಗೆ 3,500, ಸ್ವಂತಕ್ಕೆ 3 ಸಾವಿರ. ಉಳಿಯುವುದು 3,400 ಅಷ್ಟೇ. ಊರಿಂದ ಅಕ್ಕಿ, ಬೇಳೆ, ಜೋಳ ತಂದರೆ ಸಾವಿರ ಜಾಸ್ತಿ ಆಗಬಹುದು.

ಈಗ ಬೆಂಗಳೂರು. 26 ಸಾವಿರದಲ್ಲಿ ಕೈಗೆ 24 ಸಾವಿರ. ಆಸ್ಪತ್ರೆಯ ಹಾಸ್ಟೆಲ್, ಮೆಸ್ 6 ಸಾವಿರ, ಸ್ವಂತಕ್ಕೆ 4 ಸಾವಿರ, ಊರಿಗೆ ಬರುವ ಹೋಗುವ ಖರ್ಚು 500. ಉಳಿಯುವುದು 13,500. ಪಿಜಿ ಆದರೆ ಇಬ್ಬರು ಹಂಚಿಕೊಳ್ಳುವ ರೂಮಿಗೆ ಊಟ ಸೇರಿ 8,500. ಆದರೆ ನೈಟ್ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಪಿಜಿ ತಿಂಡಿ ಖಾಲಿ, ಮಧ್ಯಾಹ್ನದ ಡ್ಯೂಟಿಗೆ ಹೋದವಳಿಗೆ ರಾತ್ರಿ ಊಟ ಇಲ್ಲ. ಹಾಗಾಗಿ ಹೊರಗಿನ ಊಟಕ್ಕೆ 2 ಸಾವಿರ ಸೇರಿಸಲೇಬೇಕು. ಸ್ವಂತಕ್ಕೆ ಅದೇ 4 ಸಾವಿರ. ಉಳಿಯುವುದು 9,500, ಅದೂ ಊರಿನ ಓಡಾಟ ಬಿಟ್ಟು.

ಸಂಬಳದಲ್ಲಿ 10 ಸಾವಿರದ ವ್ಯತ್ಯಾಸ ಇತ್ತು, ಅಲ್ವಾ? ಅಪ್ಪನ ಮನೆಯಲ್ಲಿದ್ದು ದಾವಣಗೆರೆಯಲ್ಲಿ ದುಡಿದವಳಿಗೂ, ಬೆಂಗಳೂರಿನ ಪಿಜಿಯಲ್ಲಿದ್ದು ದುಡಿದವಳಿಗೂ ಕೊನೆಗೆ ಉಳಿದ ವ್ಯತ್ಯಾಸ 2 ಸಾವಿರ. ಅದೇ ಇಲ್ಲಿ ರೂಮ್ ಮಾಡಿದ್ದ ಹಳ್ಳಿಯ ಹುಡುಗಿ ಅಲ್ಲಿ ಹಾಸ್ಟೆಲ್ ಸಿಗುವ ಆಸ್ಪತ್ರೆಗೆ ಸೇರಿದರೆ ಅವಳಿಗೆ 10 ಸಾವಿರ ನಿಜವಾಗಲೂ ಜಾಸ್ತಿ. ಇಬ್ಬರಿಗೂ ‘ಬೆಂಗಳೂರು ಒಳ್ಳೆಯದು’ ಅಂತ ಒಂದೇ ಸಲಹೆ ಕೊಟ್ಟರೆ ಹೇಗೆ?

ನನ್ನನ್ನು ಕೇಳಿದರೆ, ಇನ್ನೂ ಮದುವೆ ಆಗಿಲ್ಲ, ಇಲ್ಲಿ ಸ್ವಂತ ಮನೆ ಇಲ್ಲ, ಅಲ್ಲಿ ಹಾಸ್ಟೆಲ್ ಕೊಡುತ್ತಾರೆ ಅಂದರೆ ಯೋಚನೆಯೇ ಬೇಡ, ಹೊರಡಿ. ಹಾಸ್ಟೆಲ್ ಇಲ್ಲ, ಪಿಜಿ ಹುಡುಕಿಕೋ ಅಂದರೆ 26 ಸಾವಿರಕ್ಕೆ ಒಪ್ಪಬೇಡಿ. ಐಸಿಯು, ಓಟಿ (ಆಪರೇಷನ್ ಥಿಯೇಟರ್), ಡಯಾಲಿಸಿಸ್ ಅಂತ ಕಲಿಯಲು ಏನಾದರೂ ಇದ್ದರೆ ಮಾತ್ರ ಎರಡು ವರ್ಷ ಅಂತ ಹೋಗಿ. ಅನುಭವಕ್ಕೆ ಬೆಲೆ ಇದೆ, ಅದನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ.

ಓಡಾಟದ ಖರ್ಚು ನಾನು ಇಷ್ಟು ಕಡಿಮೆ ಹಾಕಿದ್ದಕ್ಕೆ ಕಾರಣ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸೂ ಉಚಿತ, ದಾವಣಗೆರೆ-ಬೆಂಗಳೂರು ಕೆಂಪು ಬಸ್ಸೂ ಉಚಿತ. ರಾಜಹಂಸ, ಐರಾವತ ಹತ್ತಿದರೆ ಮಾತ್ರ ದುಡ್ಡು. ಮೊದಲು ತಿಂಗಳಿಗೆ ಬಸ್ ಪಾಸ್, ಊರಿನ ಟಿಕೆಟ್ ಅಂತ ಹೋಗುತ್ತಿದ್ದ ಮೊತ್ತ ಈಗ ಸಿಸ್ಟರ್‌ಗಳ ಕೈಯಲ್ಲೇ ಉಳಿಯುತ್ತದೆ. ಬ್ರದರ್‌ಗಳು ತಮ್ಮ ಲೆಕ್ಕದಲ್ಲಿ ಎರಡು-ಎರಡೂವರೆ ಸಾವಿರ ಸೇರಿಸಿಕೊಳ್ಳಬೇಕು. ವಾರದ ಆಫ್‌ಗೆ ಊರಿಗೆ ಬಂದು ಹೋಗಬೇಕು ಅಂದರೆ 2023ರಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಆದರೆ ಅದರ ಟಿಕೆಟ್ ನೋಡಿದರೆ ಕೆಂಪು ಬಸ್ಸೇ ವಾಸಿ ಅನ್ನಿಸುತ್ತದೆ.

ಮದುವೆ ಆದವರು, ಮಕ್ಕಳಿರುವವರು

ಇಲ್ಲಿ ಲೆಕ್ಕ ತಿರುಗುತ್ತದೆ. ಗಂಡ-ಹೆಂಡತಿ ಇಬ್ಬರೂ ನರ್ಸ್ ಅಂತ ಹಿಡಿಯಿರಿ. ಬೆಂಗಳೂರಿನಲ್ಲಿ ಇಬ್ಬರದೂ ಸೇರಿ ಕೈಗೆ 48 ಸಾವಿರ. ಬೊಮ್ಮಸಂದ್ರದ ಆಸುಪಾಸಿನಲ್ಲಿ ಒಂದು ಬೆಡ್‌ರೂಮಿನ ಮನೆ, ಬಾಡಿಗೆ ನೀರು ಮೇಂಟೆನೆನ್ಸ್ ಸೇರಿ 15 ಸಾವಿರ. ದಿನಸಿ, ಹಾಲು, ತರಕಾರಿ 9 ಸಾವಿರ. ಗ್ಯಾಸ್, ಮೊಬೈಲು, ಇಂಟರ್ನೆಟ್ಟು 1,500. ಬೈಕಿಗೆ 3 ಸಾವಿರ. ಬಟ್ಟೆ, ಔಷಧಿ, ಊರಿನ ಮದುವೆ ಮುಯ್ಯಿ ಎಲ್ಲಾ 5 ಸಾವಿರ. ಉಳಿಯುವುದು 14,500. ಪರವಾಗಿಲ್ಲ. ಆದರೆ ಮನೆ ಹಿಡಿಯುವ ದಿನ ಆರು ತಿಂಗಳ ಅಡ್ವಾನ್ಸ್ ಅಂದರೆ 80-85 ಸಾವಿರ ಎಣಿಸಬೇಕು. ಅದನ್ನು ಸಾಲ ಮಾಡಿ ತಂದರೆ ಮೊದಲ ವರ್ಷದ ಉಳಿತಾಯದಲ್ಲಿ ಅರ್ಧ ಅಲ್ಲಿಗೇ.

ದಾವಣಗೆರೆಯಲ್ಲಿ ಇಬ್ಬರಿಗೂ 16 ಸಾವಿರ ಅಂದರೆ ಕೈಗೆ 28,880. ಬಾಡಿಗೆ 7 ಸಾವಿರ, ದಿನಸಿ 7,500, ಗ್ಯಾಸ್ ಮೊಬೈಲು 1,200, ಬೈಕು 1,500, ಇತರ ಖರ್ಚು 4 ಸಾವಿರ. ಮಿಗುವುದು 7,700 ಹತ್ತಿರ. ಬೆಂಗಳೂರೇ 7 ಸಾವಿರ ಮುಂದಿದೆ.

ಮಗು ಆಯಿತು ಅನ್ನಿ. ಬೆಂಗಳೂರಿನಲ್ಲಿ ಡೇ ಕೇರ್‌ಗೆ 8 ಸಾವಿರ. 14,500 ಇದ್ದದ್ದು 6,500 ಆಯಿತು. ದಾವಣಗೆರೆಯಲ್ಲಿ ಅಮ್ಮನೋ ಅತ್ತೆಯೋ ಮಗು ನೋಡಿಕೊಂಡರೆ ಆ 7,700 ಹಾಗೇ ಇರುತ್ತದೆ. ಮೇಲಾಗಿ ಡೇ ಕೇರ್ ಸಂಜೆ ಆರೂವರೆಗೆ ಬಾಗಿಲು ಹಾಕುತ್ತದೆ. ನಮ್ಮ ಮಧ್ಯಾಹ್ನದ ಡ್ಯೂಟಿ ಮುಗಿಯುವುದು ರಾತ್ರಿ ಎಂಟಕ್ಕೆ, ಹ್ಯಾಂಡ್‌ಓವರ್ ಕೊಟ್ಟು ಹೊರಬರುವಾಗ ಎಂಟೂವರೆ. ಗಂಡನಿಗೆ ಅವತ್ತೇ ನೈಟ್ ಬಿದ್ದರೆ? ನನ್ನ ಪರಿಚಯದ ಒಂದು ಜೋಡಿ ಇಬ್ಬರ ಡ್ಯೂಟಿ ಚಾರ್ಟನ್ನೂ ಫ್ರಿಜ್ಜಿನ ಬಾಗಿಲಿಗೆ ಅಕ್ಕಪಕ್ಕ ಅಂಟಿಸಿ, ಇಬ್ಬರಿಗೂ ಒಂದೇ ಹೊತ್ತಿಗೆ ಡ್ಯೂಟಿ ಬಿದ್ದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದರು. ತಿಂಗಳ ಮೊದಲ ದಿನದಿಂದಲೇ ಇನ್‌ಚಾರ್ಜ್ ಹತ್ತಿರ ಡ್ಯೂಟಿ ಬದಲಿಸಿಕೊಡಿ ಅಂತ ಬೇಡುವುದೇ ಕೆಲಸ.

ಮಗು ಇದ್ದು, ದುಡಿಮೆ ಖಾಸಗಿಯಲ್ಲಿದ್ದು, ಹಿರಿಯರು ಇಲ್ಲಿದ್ದರೆ ಇಲ್ಲೇ ಇರುವುದು ಸರಿ ಅಂತ ನನ್ನ ಅಭಿಪ್ರಾಯ. ಇಲ್ಲಿದ್ದುಕೊಂಡೇ 16ನ್ನು 22 ಮಾಡಿಕೊಳ್ಳುವುದಕ್ಕೆ ಹೋರಾಡಿ.

ಸಂಬಳದಲ್ಲಿ ಕಾಣದ ಎರಡು ವಿಷಯ

ಒಂದು ಇಎಸ್‌ಐ. ಇದಕ್ಕೆ ಸಂಬಳದ ಮಿತಿ ತಿಂಗಳಿಗೆ 21 ಸಾವಿರ. ದಾವಣಗೆರೆಯಲ್ಲಿ 16 ಸಾವಿರದವಳಿಗೆ 120 ರೂಪಾಯಿಗೆ ಗಂಡ, ಮಕ್ಕಳು, ಅವಲಂಬಿತ ತಂದೆ-ತಾಯಿ ಎಲ್ಲರಿಗೂ ಚಿಕಿತ್ಸೆ ಇದೆ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ಬೆಂಗಳೂರಿನಲ್ಲಿ 26 ಸಾವಿರಕ್ಕೆ ಸೇರಿದವಳಿಗೆ ಅದು ಇಲ್ಲ. ಆಸ್ಪತ್ರೆ ಕೊಡುವ ಗುಂಪು ವಿಮೆಯಲ್ಲಿ ಅಪ್ಪ-ಅಮ್ಮ ಸೇರಿದ್ದಾರಾ ಅಂತ ಕೇಳಿ. ಸೇರಿಲ್ಲ ಅಂದರೆ, ಶುಗರ್ ಬಿಪಿ ಇರುವ ಅಪ್ಪನಿಗೆ ಹೊರಗಿಂದ ಪಾಲಿಸಿ ಮಾಡಿಸಲು ಎಷ್ಟಾಗುತ್ತದೆ ಅಂತ ವಿಚಾರಿಸಿ. ಆ ಕಂತನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ. 18 ಸಾವಿರದಿಂದ 22 ಸಾವಿರಕ್ಕೆ ಏರುವವರೂ ಇದನ್ನು ಗಮನಿಸಬೇಕು. ಇಎಸ್‌ಐನ ಆರು ತಿಂಗಳ ಅವಧಿಯ ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ಇಎಸ್‌ಐ ಮುಂದುವರಿಯುತ್ತದೆ. ಆಮೇಲೆ ನಿಲ್ಲುತ್ತದೆ.

ಇನ್ನೊಂದು ಕೆಲಸದ ಹೊರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಮೂವರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗೆ ಐವರಿಗೆ ಒಬ್ಬರು. ಓದುವಾಗ ಪರೀಕ್ಷೆಯಲ್ಲಿ ಬರೆದಿರುತ್ತೀರಿ, ಡ್ಯೂಟಿಯಲ್ಲಿ ಮಾತ್ರ ಕಂಡಿರುವುದಿಲ್ಲ! ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳು ಮಾನ್ಯತೆ ಉಳಿಸಿಕೊಳ್ಳಲು ಐಸಿಯುನಲ್ಲಾದರೂ ಇದನ್ನು ಸ್ವಲ್ಪ ಪಾಲಿಸುತ್ತವೆ. ಇಂಟರ್‌ವ್ಯೂಗೆ ಹೋದಾಗ ಎಚ್‌ಆರ್ ಮಾತು ನಂಬಬೇಡಿ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿರುವ ಒಬ್ಬ ಸಿಸ್ಟರನ್ನು ‘ನೈಟ್‌ನಲ್ಲಿ ನಿಮಗೆ ಎಷ್ಟು ಪೇಷೆಂಟ್?’ ಅಂತ ಕೇಳಿ. ‘ಡಬಲ್ ಡ್ಯೂಟಿಗೆ ದುಡ್ಡು ಕೊಡುತ್ತಾರಾ, ಬರೀ ಆಫ್ ಕೊಡುತ್ತಾರಾ?’ ಅಂತಲೂ ಕೇಳಿ. ತಿಂಗಳಿಗೆ ನಾಲ್ಕು ಡಬಲ್ ಡ್ಯೂಟಿ ದುಡ್ಡಿಲ್ಲದೆ ಮಾಡಿಸಿದರೆ 26 ಸಾವಿರದ ಬೆಲೆ 22ಕ್ಕೆ ಇಳಿದ ಹಾಗೆ.

ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬರೆಸಿಕೊಳ್ಳುವುದರ ಬಗ್ಗೆ ಒಂದೇ ಮಾತು. ಒರಿಜಿನಲ್ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆ ಸೇರಬೇಡಿ. ಅದು ಇಲ್ಲಿಗೂ ಸರಿ, ಅಲ್ಲಿಗೂ ಸರಿ.

ಸರ್ಕಾರಿ ಕೆಲಸದ ಆಸೆ ಇದ್ದರೆ

ಮೇಲಿನ ಎಲ್ಲಾ ಲೆಕ್ಕವನ್ನೂ ಅಡಿಮೇಲು ಮಾಡುವುದು ಇದೊಂದೇ. ರಾಜ್ಯದ ಏಳನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ರಾಜ್ಯ ಸರ್ಕಾರಿ ನೌಕರರ ಅತಿ ಕಡಿಮೆ ಮೂಲ ವೇತನವೇ 17 ಸಾವಿರದಿಂದ 27 ಸಾವಿರಕ್ಕೆ ಏರಿದೆ. ಶುಶ್ರೂಷಾಧಿಕಾರಿಯ ಶ್ರೇಣಿ ಅದಕ್ಕಿಂತ ಎಷ್ಟೋ ಮೇಲೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ, ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯಲ್ಲೋ ಕಾಯಂ ಹುದ್ದೆ ಸಿಕ್ಕವರಿಗೆ ಬೆಂಗಳೂರಿನ ಯಾವ ಖಾಸಗಿ ಆಫರ್ ತೋರಿಸಿದರೂ ನಗುತ್ತಾರೆ. ನಗಬೇಕಾದ್ದೇ. ದಾವಣಗೆರೆ ಬಾಡಿಗೆಯಲ್ಲಿ ಸರ್ಕಾರಿ ಸಂಬಳ ಅಂದರೆ ಇಡೀ ಹೋಲಿಕೆಯಲ್ಲೇ ಅತಿ ಒಳ್ಳೆಯ ಜೋಡಿ.

ಆದರೆ ಗುತ್ತಿಗೆ ಹುದ್ದೆಯನ್ನು ಕಾಯಂ ಜೊತೆ ಬೆರೆಸಬೇಡಿ. ವಾರ್ಡು ಒಂದೇ, ಕೆಲಸ ಒಂದೇ, ಸಂಬಳ ಮಾತ್ರ ಒಂದೇ ಅಲ್ಲ. ಕೇಂದ್ರದ್ದು ಬೇಕು ಅನ್ನುವವರು ಏಮ್ಸ್ ನಡೆಸುವ ನಾರ್ಸೆಟ್ ಅನ್ನುವ ನೇಮಕಾತಿ ಪರೀಕ್ಷೆ ಬರೆಯಬಹುದು, ನಿಮ್ಹಾನ್ಸ್ ಅಧಿಸೂಚನೆ ಕಾಯಬಹುದು. ಓದಲು ದಿನಕ್ಕೆ ಮೂರು ಗಂಟೆ ಬೇಕು. ಬೆಂಗಳೂರಿನಲ್ಲಿ ಬಸ್ಸಿನಲ್ಲಿ ಕಳೆಯುವ ಎರಡು ಗಂಟೆ ದಾವಣಗೆರೆಯಲ್ಲಿ ಉಳಿಯುತ್ತದೆ. ಹಾಗಾಗಿ ಪರೀಕ್ಷೆ ಬರೆಯುವವರು ಸಂಬಳ ಕಡಿಮೆ ಆದರೂ ಊರಲ್ಲೇ ಇರುವುದು ಜಾಣತನ.

ಮುಂಬೈ, ದೆಹಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾಸಗಿಯಲ್ಲಿ ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ಮುಂಬೈ ಬಾಡಿಗೆಯಲ್ಲಿ ಅದು ನಿಲ್ಲುವುದಿಲ್ಲ. ಹಾಸ್ಟೆಲ್ ಇಲ್ಲದೆ ಆ ಕಡೆ ತಲೆ ಹಾಕಬೇಡಿ.

ವಿದೇಶ: ಅಲ್ಲೂ ಸೂರೇ ದೊಡ್ಡದು

ಗಲ್ಫ್‌ನಲ್ಲಿ ಎರಡು ಥರದ ಆಫರ್ ಬರುತ್ತದೆ. ವಸತಿ ಉಚಿತ ಕೊಡುವುದು ಒಂದು, ವಸತಿ ನೀವೇ ನೋಡಿಕೊಳ್ಳಿ ಅನ್ನುವುದು ಇನ್ನೊಂದು. ಸೌದಿಯ ಸರ್ಕಾರಿ ಆಸ್ಪತ್ರೆಗಳ ಆಫರ್ ಸಾಮಾನ್ಯವಾಗಿ ವಸತಿ ಸೇರಿಯೇ ಇರುತ್ತದೆ. 4,000 ರಿಯಾಲ್ ಸಂಬಳ, ರಿಯಾಲಿಗೆ 23 ರೂಪಾಯಿ ಅಂತ ಹಿಡಿದರೆ 92 ಸಾವಿರ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಊಟಕ್ಕೆ, ಫೋನಿಗೆ 800 ರಿಯಾಲ್ ಹೋದರೂ 73 ಸಾವಿರ ಮನೆಗೆ ಕಳಿಸಬಹುದು. ದುಬೈಯಲ್ಲಿ 5,000 ದಿರ್ಹಂ ಅಂದರೆ ಕೇಳಲು ಜಾಸ್ತಿ. ಆದರೆ ವಸತಿ ಇಲ್ಲ ಅಂದರೆ ಬೆಡ್ ಸ್ಪೇಸ್ ಅಂತ ಒಂದು ರೂಮಿನಲ್ಲಿ ನಾಲ್ಕೈದು ಜನ ಇರಬೇಕು, ಇಲ್ಲವಾದರೆ ಸಂಬಳದ ದೊಡ್ಡ ಪಾಲು ರೂಮಿಗೆ. ನಾನಾದರೆ ವಸತಿ ಇರುವ ಸೌದಿಯನ್ನೇ ಆರಿಸುತ್ತೇನೆ. ಕುಟುಂಬ ಕರೆದುಕೊಂಡು ಹೋಗುವ ಆಸೆ ಇದ್ದವರಿಗೆ ಬೇರೆ ಲೆಕ್ಕ. ಎರಡಕ್ಕೂ ಪ್ರೊಮೆಟ್ರಿಕ್ ಅನ್ನುವ ಲೈಸೆನ್ಸ್ ಪರೀಕ್ಷೆ, ಡೇಟಾಫ್ಲೋ ಅನ್ನುವ ಸರ್ಟಿಫಿಕೇಟ್ ಪರಿಶೀಲನೆ, ಸಾಮಾನ್ಯವಾಗಿ ಎರಡು ವರ್ಷದ ಅನುಭವ ಬೇಕು. ಹಾಗಾಗಿ ಬಿಡುವಾಗ ಜಗಳ ಮಾಡಿಕೊಳ್ಳದೆ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ತೆಗೆದುಕೊಂಡು ಬನ್ನಿ.

ಇಂಗ್ಲೆಂಡ್ ಲೆಕ್ಕ ನನಗೆ ಬಹಳ ಇಷ್ಟ, ಯಾಕೆಂದರೆ ಅದು ದಾವಣಗೆರೆ-ಬೆಂಗಳೂರು ಲೆಕ್ಕದ ಹಾಗೇ ಇದೆ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸ ನರ್ಸ್‌ಗೆ ಬ್ಯಾಂಡ್ 5 ಅನ್ನುವ ಸಂಬಳದ ಶ್ರೇಣಿ. 2025-26ರಲ್ಲಿ ಆರಂಭದ ವಾರ್ಷಿಕ ಸಂಬಳ 31,049 ಪೌಂಡ್. ಲಂಡನ್ ನಡುಭಾಗದಲ್ಲಾದರೆ ದುಬಾರಿ ಊರಿನ ಭತ್ಯೆ ಅಂತ ಶೇ 20 ಜಾಸ್ತಿ, ಹೊರಭಾಗದಲ್ಲಿ ಶೇ 15. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಕಳೆದರೆ ಲಂಡನ್ ನಡುಭಾಗದವರ ಕೈಗೆ ತಿಂಗಳಿಗೆ ಸುಮಾರು 2,300 ಪೌಂಡ್, ಬೇರೆ ಊರಿನವರಿಗೆ ಸುಮಾರು 2,000. ವ್ಯತ್ಯಾಸ 300. ಲಂಡನ್‌ನಲ್ಲಿ ಒಂದು ರೂಮಿಗೆ 950 ಪೌಂಡ್, ಉತ್ತರದ ಒಂದು ಸಾಧಾರಣ ಊರಿನಲ್ಲಿ 550 ಅಂತ ಹಿಡಿದರೆ, ಆ 300 ರೂಮಿಗೇ ಹೋಗಿ ಇನ್ನೂ 100 ಕೈಯಿಂದ ಹಾಕಬೇಕು. ರೈಲು, ಟ್ಯೂಬ್ (ಮೆಟ್ರೊ) ಖರ್ಚು ಬೇರೆ. ರಾತ್ರಿ ಮತ್ತು ಶನಿವಾರದ ಡ್ಯೂಟಿಗೆ ಶೇ 30, ಭಾನುವಾರಕ್ಕೆ ಶೇ 60 ಹೆಚ್ಚುವರಿ ಕೊಡುವುದು ಎಲ್ಲಾ ಊರಿನಲ್ಲೂ ಒಂದೇ. ದುಡ್ಡು ಉಳಿಸುವುದೇ ಉದ್ದೇಶ ಆದರೆ ಲಂಡನ್ ಹೆಸರಿಗೆ ಮರುಳಾಗಬೇಡಿ. ಆದರೆ ಒಂದು ಎಚ್ಚರ: ಅಲ್ಲಿ ವಿದೇಶಿ ನರ್ಸ್‌ಗಳ ನೇಮಕ ಈಚೆಗೆ ಬಹಳ ಕುಗ್ಗಿದೆ. ಹೋದ ಮೇಲೆ ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗುವವರೆಗೆ ಕೆಳಗಿನ ಬ್ಯಾಂಡಿನ ಸಂಬಳವೇ ಸಿಗುವುದು ಹೆಚ್ಚು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವುದು, ಮಾತು ಮೂರಕ್ಕೂ 7, ಬರವಣಿಗೆಗೆ 6.5 ಬೇಕು.

ಅಮೆರಿಕದ ಅಂಕಿ ನೋಡಿದರೆ ತಲೆ ತಿರುಗುತ್ತದೆ. 2024ರ ಮೇ ಲೆಕ್ಕದಲ್ಲಿ ಅಲ್ಲಿನ ನೋಂದಾಯಿತ ನರ್ಸ್‌ನ ಮಧ್ಯಮ ವಾರ್ಷಿಕ ಸಂಬಳ 93,600 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಿಂತಲೂ ಬಹಳ ಜಾಸ್ತಿ, ಬಾಡಿಗೆಯೂ ಹಾಗೇ. ಆದರೆ ಎನ್‌ಕ್ಲೆಕ್ಸ್ ಅನ್ನುವ ಅಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾದರೂ ಭಾರತದವರಿಗೆ ಇಬಿ-3 ಅನ್ನುವ ಕಾಯಂ ವಾಸದ ವೀಸಾ ಸರದಿ ಹತ್ತು ವರ್ಷಕ್ಕೂ ಉದ್ದ. 23 ವರ್ಷದ ಹುಡುಗಿ ಅರ್ಜಿ ಹಾಕಿಟ್ಟುಕೊಂಡು ಬೇರೆ ಕಡೆ ದುಡಿಯುತ್ತಾ ಇರಬಹುದು. 38 ವರ್ಷದವರು ಅದನ್ನು ನಂಬಿಕೊಂಡು ಇಲ್ಲಿನ ಕೆಲಸ ಬಿಡಬಾರದು.

ಹೊರದೇಶಕ್ಕೆ ಹೊರಡುವವರು ಏಜೆಂಟ್‌ಗೆ ದುಡ್ಡು ಕೊಡುವ ಮೊದಲು ಮೂರು ವಿಷಯ ತಿಳಿದಿರಬೇಕು. ಎಮಿಗ್ರೇಷನ್ ಕಾಯ್ದೆಯ ನಿಯಮದಂತೆ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸೌದಿ, ಕುವೈತ್, ಯುಎಇಯಂಥ ದೇಶಗಳಿಗೆ ನರ್ಸ್ ಆಗಿ ಹೋಗಲು 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್ (ದುಡಿಯಲು ಹೊರಡುವ ಮೊದಲು ಸರ್ಕಾರದ ಅನುಮತಿ) ಕಡ್ಡಾಯ, ಪಾಸ್‌ಪೋರ್ಟ್ ಇಸಿಎನ್‌ಆರ್, ಅಂದರೆ ಆ ಅನುಮತಿ ಬೇಡದ ದರ್ಜೆಯದು, ಇದ್ದರೂ ಕಡ್ಡಾಯ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ ಅಂದರೆ ಎದ್ದು ಬನ್ನಿ. ಏಜೆಂಟ್‌ನ ಲೈಸೆನ್ಸ್ ನಿಜವಾ, ಚಾಲ್ತಿಯಲ್ಲಿದೆಯಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು, ಅದಕ್ಕೆ ಕಾಸೂ ಖರ್ಚಿಲ್ಲ. ಇನ್ನು ಇಂಗ್ಲೆಂಡಿನ ನೇಮಕಾತಿ ನೀತಿ ಸಂಹಿತೆಯಂತೆ ಕೆಲಸ ಕೊಡಿಸಲು ನರ್ಸ್ ಹತ್ತಿರ ಶುಲ್ಕವೇ ಕೇಳುವ ಹಾಗಿಲ್ಲ. ಯಾರಾದರೂ 5 ಲಕ್ಷ ಕೊಟ್ಟರೆ ಲಂಡನ್ ಕೆಲಸ ಗ್ಯಾರಂಟಿ ಅಂದರೆ, ಮೊದಲು ಆಫರ್ ಲೆಟರಿನ ಪ್ರತಿ ಕೇಳಿ. ಅದರಲ್ಲಿ ಬ್ಯಾಂಡ್ ಎಷ್ಟು, ಊರು ಯಾವುದು, ಮೊದಲ ತಿಂಗಳುಗಳ ವಸತಿ ಯಾರದ್ದು ಅಂತ ಬರೆದಿಲ್ಲ ಅಂದರೆ ಆ 5 ಲಕ್ಷವನ್ನು ಮನೆಯಲ್ಲೇ ಇಟ್ಟುಕೊಳ್ಳಿ.